ಇನ್ನೊಂದು ದಿಂಬು

ಮಹಡಿಯ ಕೋಣೆಯಿಂದ
೧೭ನೇ ತಾರೀಖು, ಬುಧವಾರ, ಬೆಳಿಗ್ಗೆ ಹನ್ನೊಂದು

ಪ್ರೀತಿಯ ಅತ್ತಿಗೆ,

ನಾನು ಕ್ಷೇಮ. ನಿನ್ನ ಕ್ಷೇಮಸಮಾಚಾರಕ್ಕೆ ನಾನು ಕಾಯಬೇಕಾಗಿಲ್ಲ, ಕೆಳಗೆ ಅಂಗಡಿಯಲ್ಲಿ ನಿನ್ನ ಹೊಲಿಗೆ ಮಿಷನ್ ಓಡುತ್ತಿರುವುದು ಇಲ್ಲಿಗೇ ಕೇಳುತ್ತಿದೆ. ಹದಿನೆಂಟು ಮೆಟ್ಟಿಲು ಇಳಿದರೆ ನೀನು ಸಿಗುತ್ತೀಯ. ಹದಿನೆಂಟು ಮೆಟ್ಟಿಲ ದೂರಕ್ಕೆ ಕಾಗದ ಬರೆಯುವ ನಾದಿನಿಯನ್ನು ನೀನು ಈವರೆಗೆ ಕಂಡಿರಲಿಕ್ಕಿಲ್ಲ. ಏನು ಮಾಡಲಿ, ಗಂಟಲಿನ ಬಾವು ಇಳಿಯುವವರೆಗೆ, ಅಂದರೆ ಹತ್ತು ದಿನ, ಒಂದಕ್ಷರ ಆಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಹನ್ನೊಂದು ವರ್ಷ ನಿನ್ನ ಜೊತೆ ಮಾತು ಬಿಟ್ಟಿದ್ದವಳಿಗೆ, ಮಾತಾಡಬೇಕು ಎನಿಸಿದ ವಾರವೇ ಬಾಯಿಗೆ ಬೀಗ ಬಿತ್ತು ನೋಡು. ನೀನು ಮನಸ್ಸಿನಲ್ಲೇ ನಗುತ್ತಿರುತ್ತೀಯ. ನಗು, ಪರವಾಗಿಲ್ಲ.

ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನೀನು ನನ್ನ ಜೀವ ಉಳಿಸಿದೆ. ಇದನ್ನು ಬರೆಯಲು ನಾಲ್ಕು ದಿನ ತಗೊಂಡೆ. ಎರಡು ಸಲ ಕಾಗದ ಹರಿದೆ. ಉಪಕಾರವನ್ನು ಎಂದೂ ಮರೆಯೆ ಎಂದೆಲ್ಲ ಒಂದರಲ್ಲಿ ಬರೆದಿದ್ದೆ. ಓದಿದರೆ ನಮ್ಮ ಗಿರಾಕಿ ಯಾರೋ ಬರೆದ ಹಾಗಿತ್ತು. ಅದಕ್ಕೇ ಈ ಸಲ ಬಾಯಿಗೆ ಬಂದ ಹಾಗೆ ಬರೆಯುತ್ತಿದ್ದೇನೆ.

ಶನಿವಾರ ನಡೆದದ್ದನ್ನು ನೀನು ನನ್ನ ಹಿಂದಿನಿಂದ ನೋಡಿದೆ. ಮುಂದಿನಿಂದ ಹೇಗಿತ್ತು ಎಂದು ಹೇಳುತ್ತೇನೆ, ಕೇಳು.

ನಾನು ಕಿಟಕಿ ಪಕ್ಕ ಕೂತು ಪಾಠಶಾಲೆಯವರ ಕೋಟಿನ ತೋಳಿಗೆ ಗುಂಡಿ ಹಚ್ಚುತ್ತಿದ್ದೆ. ನಾಲ್ಕು ಗುಂಡಿ ತುಟಿಯ ನಡುವೆ ಹಿಡಿದಿದ್ದೆ, ಯಾವತ್ತಿನ ಹಾಗೆ. ಗುಂಡಿ ಬಾಯಲ್ಲಿಟ್ಟುಕೊಂಡು ಮೂಗಿನಲ್ಲೇ ಹಾಡು ಗುನುಗದಿದ್ದರೆ ನನಗೆ ಕೈ ಓಡುವುದಿಲ್ಲ. ನೀನು ಆ ಕಡೆ ಮುಖ ಮಾಡಿ ಕತ್ತರಿಸುತ್ತಿದ್ದೆ, ಅದೂ ಯಾವತ್ತಿನ ಹಾಗೆ. ನಡುವೆ ಸ್ಟೂಲಿನ ಮೇಲೆ ಗಡಿಯಾರ ರಿಪೇರಿಯವರು, ಮೈತುಂಬ ಪಿನ್ನು ಚುಚ್ಚಿಸಿಕೊಂಡು, ಎರಡು ಕೈ ಅಗಲಿಸಿ ನಿಂತಿದ್ದರು. ಅಳತೆ ಕೊಡುವ ದಿನ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ ಮಹಾನುಭಾವರು ಅವರು. ಶನಿವಾರ ಅದನ್ನು ಮರೆತು ನಿಟ್ಟುಸಿರು ಬಿಟ್ಟರು. ಸೊಂಟದ ಪಿನ್ನು ಟಣ್ಣನೆ ಹಾರಿ ಕನ್ನಡಿಗೆ ಬಡಿಯಿತು. ಅವರು ಕನ್ನಡಿ ನೋಡಿಕೊಂಡು, ಬಹಳ ಗಂಭೀರವಾಗಿ, "ಸರಿ ಬಿಡಿ, ಈ ಕೋಟನ್ನ ನಾನು ಉಸಿರಾಡದೇ ಇರೋ ದಿನ ಹಾಕ್ಕೋತೀನಿ" ಅಂದರು.

ನನಗೆ ತಡೆಯಲಾಗಲಿಲ್ಲ. ನಕ್ಕೆ. ನಗುವಾಗ ಉಸಿರು ಒಳಗೆ ಹೋಗುತ್ತದಲ್ಲ, ಅದರ ಜೊತೆ ಒಂದು ಗುಂಡಿಯೂ ಹೋಯಿತು.

ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಮನುಷ್ಯ ಕೂಗಾಡುತ್ತಾನೆ, ಬೀದಿಯವರೆಲ್ಲ ಓಡಿ ಬರುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗೆ ಏನೂ ಆಗುವುದಿಲ್ಲ ಅತ್ತಿಗೆ. ಕೂಗಲಿಕ್ಕೆ ಉಸಿರು ಬೇಕು. ಕೆಮ್ಮಬೇಕೆಂದರೆ ಕೆಮ್ಮೂ ಬರಲಿಲ್ಲ. ಬಾಯಿ ತೆರೆದಿದೆ, ಎದೆ ಎಳೆಯುತ್ತಿದೆ, ಒಳಗೆ ಏನೂ ಹೋಗುತ್ತಿಲ್ಲ, ಹೊರಗೆ ಸದ್ದಿಲ್ಲ. ಗಡಿಯಾರದವರು ತಮ್ಮ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದರು. ನೀನು ಬೆನ್ನು ತಿರುಗಿಸಿದ್ದೆ. ಹನ್ನೊಂದು ವರ್ಷದಿಂದ ನನ್ನ ಕಡೆ ನೋಡಬೇಡ ಎಂದು ನಿನಗೆ ಕಲಿಸಿದವಳು ನಾನೇ, ಈಗ ಹೇಗೆ ನೋಡುತ್ತಾಳೆ ಎಂದುಕೊಂಡೆ. ಕತ್ತರಿಯನ್ನಾದರೂ ನೆಲಕ್ಕೆ ಬೀಳಿಸೋಣವೆಂದರೆ ಕೈ ಕುತ್ತಿಗೆ ಬಿಟ್ಟು ಬರಲಿಲ್ಲ.

ಅಷ್ಟರಲ್ಲಿ ನೀನು ತಿರುಗಿದೆ. ಯಾಕೆ ತಿರುಗಿದೆ ಎಂದು ನನಗೆ ಆಗ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನಿನ್ನನ್ನು ಅದೇ ಕೇಳಿದರು, ಅಷ್ಟು ಬೇಗ ಹೇಗೆ ಗೊತ್ತಾಯ್ತು ನಿಮಗೆ ಅಂತ. ಪರದೆಯ ಈಚೆ ಮಲಗಿ ನಾನು ಕೇಳಿಸಿಕೊಂಡೆ. ನೀನು ಹೇಳಿದೆ, "ಇವಳ ನಗು ಮೂರು ಸುತ್ತು ಡಾಕ್ಟ್ರೇ. ಮೊದಲ ಸುತ್ತಿಗೇ ನಿಂತುಹೋದ್ರೆ ಅದು ನಗು ಅಲ್ಲ."

ಆ ಮಾತು ಕೇಳಿ ಗೋಡೆ ಕಡೆ ತಿರುಗಿ ಅತ್ತೆ. ನರ್ಸ್ ಬಂದು ಎಲ್ಲಿ ನೋವು ಎಂದು ಕೇಳಿದಳು. ಪಕ್ಕೆ ತೋರಿಸಿದೆ. ಅದೂ ನೋಯುತ್ತಿತ್ತು ಎನ್ನು.

ನೀನು ಬಂದು ನನ್ನ ಮುಖದ ಮುಂದೆ ಮುಖ ತಂದು, "ಗಂಟಲಲ್ಲಿ ಸಿಕ್ಕಿದೆಯಾ? ಕೆಮ್ಮಕ್ಕಾಗುತ್ತಾ?" ಎಂದು ಕೇಳಿದೆ. ಹನ್ನೊಂದು ವರ್ಷದ ಮೇಲೆ ನೀನು ನನ್ನ ಜೊತೆ ಆಡಿದ ಮೊದಲ ಮಾತು ಅದು. ಇಲ್ಲ ಎಂದು ತಲೆಯಾಡಿಸಿದೆ. ಗಡಿಯಾರದವರು ನೀರಿನ ಲೋಟ ಹಿಡಿದು ಬಂದರು. ನೀರು ಬೇಡ, ಆಂಬುಲೆನ್ಸಿಗೆ ಫೋನ್ ಮಾಡಿ ಎಂದು ನೀನು ಗದರಿದೆ. ಆ ಪುಣ್ಯಾತ್ಮರು ಪಿನ್ನು ಚುಚ್ಚುತ್ತಿದ್ದ ಕೋಟಿನಲ್ಲೇ ಅಯ್ಯೋ ಅಯ್ಯೋ ಎನ್ನುತ್ತಾ ಫೋನಿನ ಹತ್ತಿರ ಓಡಿದರು. ಅಯ್ಯೋ ಎಂದದ್ದು ನನಗಾಗಿಯೋ ಪಿನ್ನಿಗಾಗಿಯೋ ಇವತ್ತಿಗೂ ತಿಳಿಯದು.

ಆಮೇಲೆ ನನ್ನನ್ನು ಮುಂದಕ್ಕೆ ಬಗ್ಗಿಸಿ, ಒಂದು ಕೈ ಎದೆಗೆ ಆನಿಸಿ ಹಿಡಿದು, ಇನ್ನೊಂದು ಅಂಗೈಯ ಬುಡದಿಂದ ಹೆಗಲ ಮೂಳೆಗಳ ನಡುವೆ ಐದು ಸಲ ಹೊಡೆದೆ. ಒಂದೊಂದು ಏಟಿಗೂ ಬಗ್ಗಿ ಬಾಯಿ ನೋಡಿದೆ. ಬರಲಿಲ್ಲ. ಹಿಂದೆ ನಿಂತು ತಬ್ಬಿ ಹಿಡಿದೆ. ಹೊಕ್ಕಳಿಗಿಂತ ಮೇಲೆ, ಪಕ್ಕೆಲುಬಿಗಿಂತ ಕೆಳಗೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೂ ಮೇಲಕ್ಕೂ ಜಗ್ಗಿದೆ. ಐದು ಸಲ. ಬರಲಿಲ್ಲ. ಮತ್ತೆ ಬೆನ್ನು, ಐದು. ಗಟ್ಟಿಯಾಗಿ ಎಣಿಸುತ್ತಿದ್ದೆ ನೀನು, ಬಟ್ಟೆ ಅಳೆಯುವಾಗ ಎಣಿಸುವ ಹಾಗೆಯೇ, ಧ್ವನಿ ಒಂದಿಷ್ಟೂ ನಡುಗದೆ. ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಆ ಎಣಿಕೆ ನಿಲ್ಲದಿರಲಿ ದೇವರೇ ಎಂಬುದೊಂದೇ ತಲೆಯಲ್ಲಿ ಇತ್ತು. ಎರಡನೇ ಸುತ್ತಿನಲ್ಲಿ ಮುಷ್ಟಿಯಿಂದ ಜಗ್ಗುವಾಗ, ನೀನು ಮೂರು ಎಂದೆ. ಗುಂಡಿ ಹಾರಿ ಕತ್ತರಿಸುವ ಮೇಜಿನ ಮೇಲೆ ಬಿತ್ತು.

ಆ ಮೊದಲ ಉಸಿರಿನ ರುಚಿ ಹೇಳಲು ನನಗೆ ಬರುವುದಿಲ್ಲ. ಇಸ್ತ್ರಿ ಹಾಕಿದ ಉಣ್ಣೆಯ ವಾಸನೆ ಇತ್ತು ಅದರಲ್ಲಿ, ಸೀಮೆಸುಣ್ಣದ ಪುಡಿ ಇತ್ತು, ನಿನ್ನ ಸೋಪಿನ ವಾಸನೆ ಇತ್ತು. ನೆಲದ ಮೇಲೆ ಕೂತುಬಿಟ್ಟೆ. ನೀನು ಮೊಣಕಾಲೂರಿ ನೆಲದ ಮೇಲೆ ಗುಂಡಿ ಹುಡುಕಿದೆ. ಮೂರು ಸಿಕ್ಕವು, ಮೇಜಿನ ಮೇಲಿನದು ಸೇರಿ ನಾಲ್ಕು. ನಾಲ್ಕೇ ತಾನೇ ಎಂದು ಬೆರಳು ತೋರಿಸಿ ಕೇಳಿದೆ. ಹೌದೆಂದು ನಾನು ತಲೆಯಾಡಿಸಿದೆ. ಆಮೇಲೆಯೇ ನೀನು ನೆಲದಿಂದ ಎದ್ದದ್ದು.

ನಾನು ಆರಾಮಾಗಿದ್ದೇನೆ, ಆಸ್ಪತ್ರೆ ಯಾಕೆ ಎಂದು ಸನ್ನೆ ಮಾಡಿದೆ. ಹಾಗೆ ಜಗ್ಗಿದ ಮೇಲೆ ಒಳಗೆ ಪೆಟ್ಟಾಗಿರಬಹುದು, ತೋರಿಸಲೇಬೇಕು ಎಂದು ನೀನು ಹಟ ಹಿಡಿದು ಆಂಬುಲೆನ್ಸ್ ಹತ್ತಿಸಿದೆ. ಪೆಟ್ಟೇನೋ ಆಗಿತ್ತು, ಪಕ್ಕೆಗೆ ಅಷ್ಟೇ. ಮೊದಲ ದಿನ, ಹನ್ನೊಂದು ವರ್ಷದ ಸಿಟ್ಟನ್ನು ನನ್ನ ಬೆನ್ನಿನ ಮೇಲೆ ತೀರಿಸಿಕೊಂಡಳು ಇವಳು ಎಂದುಕೊಂಡಿದ್ದೆ. ನಿನ್ನ ಪ್ರಥಮ ಚಿಕಿತ್ಸೆಯ ನೋಟ್‌ಬುಕ್ ಓದಿದ ಮೇಲೆ ಗೊತ್ತಾಯಿತು, ಅಷ್ಟು ಜೋರಾಗಿಯೇ ಹೊಡೆಯಬೇಕಂತೆ.

ಗುಂಡಿ ಬಾಯಲ್ಲಿ ಇಡಬೇಡ ಎಂದು ನೀನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದಿದ್ದೀಯ! ಗುಂಡಿ ಹಾಕಲು ಅಂತ ನೀಲಿ ಬಸಿಯೊಂದನ್ನೂ ತಂದಿಟ್ಟೆ. ನಾನು ಅದನ್ನು ನನ್ನ ಚಹಾ ಲೋಟಕ್ಕೆ ಮುಚ್ಚಳ ಮಾಡಿಕೊಂಡೆ. ನೀನು ಭಾನುವಾರ ಭಾನುವಾರ ಪ್ರಥಮ ಚಿಕಿತ್ಸೆಯ ತರಗತಿಗೆ ಹೋಗಲು ಶುರು ಮಾಡಿದಾಗ ಗಿರಾಕಿಗಳ ಮುಂದೆ ನಾನು ಆಡಿಕೊಂಡದ್ದು ನಿನ್ನ ಕಿವಿಗೂ ಬಿದ್ದಿದೆ. ನಮ್ಮತ್ತಿಗೆ ರಬ್ಬರ್ ಬೊಂಬೆಗೆ ಉಸಿರು ಊದೋಕೆ ಹೋಗ್ತಾರೆ, ಬೊಂಬೆ ಎದ್ದು ಕೂತ್ರೆ ಹೇಳಿ ಕಳಿಸ್ತೀವಿ ಅಂದಿದ್ದೆ. ಆ ನಾಲಿಗೆಗೆ ಈಗ ಹತ್ತು ದಿನ ರಜೆ ಸಿಕ್ಕಿರುವುದು ನ್ಯಾಯವೇ.

ಅಣ್ಣ ನನ್ನನ್ನು ಸೂಜಿ ಅನ್ನುತ್ತಿದ್ದ, ನಿನ್ನನ್ನು ಕತ್ತರಿ. ಇಬ್ಬರೂ ಒಂದೇ ಡಬ್ಬಿಯಲ್ಲಿ ಇರಬೇಕಾದವರು ಎನ್ನುತ್ತಿದ್ದ. ಅವನು ಹೋದ ಮೇಲೂ ನಾವು ಡಬ್ಬಿ ಬಿಡಲಿಲ್ಲ. ಬಿಟ್ಟು ಹೋಗಲು ಆಗುತ್ತಿರಲಿಲ್ಲ, ನೀನು ಕತ್ತರಿಸದೆ ನಾನು ಏನು ಹೊಲಿಯಲಿ, ನಾನು ಕೈಹೊಲಿಗೆ ಹಾಕದೆ ನಿನ್ನ ಕೋಟು ಹೇಗೆ ಕೋಟಾದೀತು. ಅದಕ್ಕೇ ಮಾತಿನ ಬದಲು ಸೀಮೆಸುಣ್ಣ ಹಿಡಿದೆವು. ಕಾಲರ್ ಅರ್ಧ ಇಂಚು ದೊಡ್ಡದು. ನೀಲಿ ದಾರ ಮುಗಿದಿದೆ. ಗಿರಾಕಿ ನಾಲ್ಕಕ್ಕೆ ಬರ್ತಾರೆ. ಓದಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಕೆಳಗೆ ಉತ್ತರ. ಒಂದು ಚಳಿಗಾಲದಲ್ಲಿ ನನಗೆ ಜ್ವರ ಬಂದಿತ್ತು. ನಾನು ಯಾರಿಗೂ ಹೇಳಿರಲಿಲ್ಲ. "ಜ್ವರ ಇದ್ದವರು ಮೇಲೆ ಹೋಗಿ ಮಲಗಬಹುದು. ಗುಂಡಿ ನಾಳೆ ಹಚ್ಚಿದರೂ ಆಗುತ್ತೆ" ಎಂದು ಬರೆದಿದ್ದೆ ನೀನು. ಅದನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ. ಸಂಜೆಯವರೆಗೆ ಅದರ ಮೇಲೆ ಒಂದು ಅಸ್ತರಿನ ಬಟ್ಟೆ ಹಾಸಿಟ್ಟಿದ್ದೆ.

ಈ ತಿಂಗಳ ಒಂದನೇ ತಾರೀಖು ನೀನು ಬರೆದದ್ದರ ಮೇಲೂ ಬಟ್ಟೆ ಹಾಸಿದ್ದೇನೆ, ಬೇರೆ ಕಾರಣಕ್ಕೆ. "ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಕ್ಕಿದೆ. ಮೂವತ್ತಕ್ಕೆ ಮನೆ ಬಿಡ್ತೀನಿ." ಹದಿನೇಳು ದಿನವಾಯಿತು, ನಾನು ಉತ್ತರ ಬರೆದಿಲ್ಲ. ಹೋಗು ಎಂದು ಬರೆಯಲು ಕೈ ಬರಲಿಲ್ಲ. ಹೋಗಬೇಡ ಎಂದು ಬರೆಯಲು ಮುಖ ಇರಲಿಲ್ಲ. ಈಗ ಬರೆಯುತ್ತೇನೆ. ಹೋಗಬೇಡ ಅತ್ತಿಗೆ. ಕಲಿಸುವ ಕೆಲಸ ಮಾಡು, ಖಂಡಿತ ಮಾಡು, ನಿನ್ನಂಥವಳು ಕಲಿಸದೆ ಇನ್ಯಾರು ಕಲಿಸಬೇಕು. ಊರಿನ ಅರ್ಧ ಜನರ ಬೆನ್ನಿಗೆ ಹೇಗೆ ಹೊಡೆಯಬೇಕೆಂದು ಇನ್ನರ್ಧ ಜನಕ್ಕೆ ಹೇಳಿಕೊಡು. ಆದರೆ ಸಂಜೆ ಈ ಮನೆಗೆ ಬಾ. ಎದುರು ಕೋಣೆಯ ಬಾಗಿಲು ಹಾಕಿದ ಸದ್ದು ಕೇಳದೆ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಎಂದೂ ಹೇಳಿರಲಿಲ್ಲ.

ಇನ್ನು ನೋಟ್‌ಬುಕ್ಕಿನ ವಿಷಯ. ಭಾನುವಾರ ಬೆಳಿಗ್ಗೆ ನೀನು ಅದನ್ನು ನನ್ನ ಹಾಸಿಗೆಯ ಪಕ್ಕ ಬಿಚ್ಚಿಟ್ಟು ಹೋದೆ. ಗಂಟಲಿಗೆ ಸಿಕ್ಕಿದ್ದು ಹೊರಬಂದ ಮೇಲೆ ಏನೇನು ಗಮನಿಸಬೇಕು ಎಂಬ ಪುಟಕ್ಕೆ ಹುರಿ ದಾರ ಇಟ್ಟಿದ್ದೆ. ಉಸಿರು ಕಟ್ಟಿದರೆ, ಕೆಮ್ಮು ನಿಲ್ಲದಿದ್ದರೆ, ಹೊಟ್ಟೆ ನೋವು ಹೆಚ್ಚಿದರೆ, ಉಗುಳಿನಲ್ಲಿ ರಕ್ತ ಕಂಡರೆ ಗಂಟೆ ಬಾರಿಸು ಎಂದು ಪೆನ್ಸಿಲಿನಲ್ಲಿ ಬರೆದು, ಅಣ್ಣನ ಹಳೇ ಕೌಂಟರಿನ ಗಂಟೆಯನ್ನೂ ಇಟ್ಟಿದ್ದೆ. ಒಂದು ಪುಟ ಓದು ಎಂದು ಕೊಟ್ಟರೆ ಒಂದೇ ಪುಟ ಓದುವವಳಾ ನಾನು? ಮೊದಲಿನಿಂದ ತಿರುವಿದೆ. ಅದಕ್ಕೆ ಬೈಯುವುದಿದ್ದರೆ ಬೈ.

ಮೂರನೇ ಪುಟದಲ್ಲಿ ಉಬ್ಬಸದ ಪಾಠ ಇತ್ತು. ಉಬ್ಬಸ ಕೆರಳಿದವರನ್ನು ನೆಟ್ಟಗೆ ಕೂರಿಸಬೇಕು, ಕೊಂಚ ಮುಂದಕ್ಕೆ ಬಾಗಿ ಏನನ್ನಾದರೂ ಆತುಕೊಳ್ಳಲಿ. ಬಿಗಿಯಾದ ಬಟ್ಟೆ ಸಡಿಲಿಸಬೇಕು. ಇನ್‌ಹೇಲರ್ ಕೊಡಬೇಕು, ಧೈರ್ಯ ಹೇಳಬೇಕು. ಕಡಿಮೆಯಾಗದಿದ್ದರೆ ಆಂಬುಲೆನ್ಸ್ ಕರೆಯಬೇಕು. ಮಲಗಿಸಬಾರದು. ಮಲಗಿಸಬಾರದು ಎಂಬುದರ ಕೆಳಗೆ ಎರಡು ಗೆರೆ. ಅಂಚಿನಲ್ಲಿ ಸಣ್ಣಕ್ಷರದಲ್ಲಿ, ನಿನ್ನದೇ ಕೈಬರಹ, "ಇನ್ನೊಂದು ದಿಂಬು ಇಡಬೇಕಿತ್ತು ನಾನು."

ನೋಟ್‌ಬುಕ್ ಮುಚ್ಚಿದೆ. ಅಣ್ಣ ಹೋದ ಭಾನುವಾರ ಮಧ್ಯಾಹ್ನ ಕಣ್ಣ ಮುಂದೆ ಬಂತು. ಅವನ ಇನ್‌ಹೇಲರ್ ಖಾಲಿಯಾಗಿತ್ತು. ನೀನು ಅವನನ್ನು ಬೆಂಚಿನ ಮೇಲೆ ಕೂರಿಸಿ, ಕತ್ತರಿಸುವ ಮೇಜಿನ ಮೇಲೆ ದಿಂಬು ಇಟ್ಟು, ಅದಕ್ಕೆ ತೋಳು ಊರಿಸಿ, ಆಂಬುಲೆನ್ಸಿಗೆ ಫೋನ್ ಮಾಡಿ, ಔಷಧಿ ಅಂಗಡಿಗೆ ಓಡಿದೆ. ಅವನ ಹತ್ತಿರ ನಾನಿದ್ದೆ. ನೀನು ಓಡುತ್ತಲೇ ವಾಪಸು ಬರುವಷ್ಟರಲ್ಲಿ ಅಣ್ಣ ಬೆಂಚಿನ ಮೇಲೆ ಅಂಗಾತ ಮಲಗಿದ್ದ, ತುಟಿ ನೀಲಿಯಾಗಿತ್ತು. ಅಯ್ಯೋ, ಹೇಗೆ ಜಾರಿದ್ರು ಇವರು ಎಂದು ಕೂಗಿದೆ ನೀನು. ಅವನನ್ನು ಕಳಿಸಿಕೊಟ್ಟು ಬಂದ ಮೇಲೆ ಮನೆತುಂಬ ನೆಂಟರಿದ್ದಾಗ, ಸರಿಯಾಗಿ ಕೂರಿಸದೆ ಬಿಟ್ಟು ಓಡಿದಳು ಎಂದು ನಾನು ಗಟ್ಟಿಯಾಗಿ ಹೇಳಿದೆ. ನೀನು ಬಾಗಿಲಲ್ಲಿ ನಿಂತಿದ್ದೆ. ಎದುರಾಡಲಿಲ್ಲ. ಮಾತು ಬಿಟ್ಟವಳು ನಾನು. ಮೂರು ತಿಂಗಳು ನೀನಾಗಿಯೇ ಮಾತಾಡಿಸಿ ನೋಡಿದೆ, ಆಮೇಲೆ ನೀನೂ ಸುಮ್ಮನಾದೆ.

ಆ ಮಾತು ಆಡಬಾರದಿತ್ತು. ಅದನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುತ್ತೇನೆ.

ನಾಳೆಯಿಂದ ಕೆಳಗೆ ಬಂದು ಕೂರಬಹುದಂತೆ, ಕೆಲಸ ಮಾಡಬಾರದಂತೆ. ನೀಲಿ ಬಸಿಯನ್ನು ತೊಳೆದು ಇಟ್ಟಿದ್ದೇನೆ. ಪಾಠಶಾಲೆಯವರ ಕೋಟಿಗೆ ಆ ಗುಂಡಿ ಹಚ್ಚಬೇಡ, ಬೇರೆ ಹಚ್ಚು. ಅದೊಂದು ನನಗೆ ಬೇಕು. ಗಡಿಯಾರದವರ ಕೋಟಿನ ಸೊಂಟ ಎರಡು ಇಂಚು ಬಿಡು. ಅವರು ಉಸಿರಾಡಲಿ, ಪಾಪ.

ನಿನ್ನ ಋಣದಲ್ಲಿ, ಬಹಳ ಸಂತೋಷದಿಂದ,

ನಿನ್ನ ನಾದಿನಿ
ಸೂಜಿ

ತಾ.ಕ.: ಕಾಗದ ಮಡಚಿ ಮೆಟ್ಟಿಲವರೆಗೆ ಬಂದು ವಾಪಸು ಹೋದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತು ನುಂಗಿಕೊಂಡಿದ್ದೇನೆ. ಅಣ್ಣ ಜಾರಲಿಲ್ಲ ಅತ್ತಿಗೆ. ನೀನು ಸರಿಯಾಗಿಯೇ ಕೂರಿಸಿದ್ದೆ. ನೀನು ಹೋದ ಮೇಲೆ ಅವನು ತುಂಬ ಬಳಲಿದ ಹಾಗೆ ಕಂಡ. ಮಲಗಿದರೆ ಆರಾಮಾಗುತ್ತೆ ಕಣೋ ಎಂದು ದಿಂಬು ತೆಗೆದವಳು ನಾನು. ಅವನು ಬೇಡ ಎಂದು ಕೈಯಾಡಿಸಿದ. ಮಾತಾಡಲು ಅವನಿಗೆ ಉಸಿರಿರಲಿಲ್ಲ. ಹಟ ಮಾಡಬೇಡ ಎಂದು ಗದರಿ ನಾನೇ ಮಲಗಿಸಿದೆ, ಮೇಲೆ ಕೋಟು ಹೊದಿಸಿದೆ. ಅದರಿಂದಲೇ ಹೋದನೋ, ಹೇಗೂ ಹೋಗುತ್ತಿದ್ದನೋ, ನನಗೆ ಗೊತ್ತಿಲ್ಲ. ಹೇಗೆ ಜಾರಿದ್ರು ಎಂದು ನೀನು ಕೇಳಿದಾಗ ನಾನು ಸುಮ್ಮನಿದ್ದೆ, ಆಮೇಲೆ ಹನ್ನೊಂದು ವರ್ಷ ಸುಮ್ಮನೇ ಇದ್ದೆ. ನಿನ್ನ ಮೇಲಿನ ಸಿಟ್ಟಿಗಲ್ಲ. ನಿನ್ನ ಜೊತೆ ಬಾಯಿ ಬಿಟ್ಟರೆ ಮೊದಲು ಬರುವುದು ಅದೇ ಎಂಬ ಹೆದರಿಕೆಗೆ.

ಇನ್ನೊಂದು ದಿಂಬು ಬೇಕಿರಲಿಲ್ಲ. ನೀನಿಟ್ಟ ಒಂದೇ ಸಾಕಾಗಿತ್ತು. ನೋಟ್‌ಬುಕ್ಕಿನ ಅಂಚಿನ ಆ ಸಾಲನ್ನು ದಯವಿಟ್ಟು ಅಳಿಸಿಬಿಡು. ರಬ್ಬರು ಅದರ ಜೊತೆಗೇ ಇಟ್ಟಿದ್ದೇನೆ.

ಇದನ್ನು ಓದಿದ ಮೇಲೆ ಮೂವತ್ತರವರೆಗೆ ಕಾಯದೆ ಇವತ್ತೇ ಹೋಗುತ್ತೇನೆ ಎಂದರೂ ನನಗೆ ತಡೆಯುವ ಹಕ್ಕಿಲ್ಲ. ಆದರೆ ಮೇಜಿನ ಮೇಲೆ ಬರೆದಿಟ್ಟು ಹೋಗಬೇಡ. ಮೇಲೆ ಬಾ. ಎಷ್ಟು ಬೈಯಬೇಕೋ ಅಷ್ಟನ್ನೂ ಬಾಯಿ ಬಿಟ್ಟು ಬೈ. ನಾನು ಇನ್ನೂ ಆರು ದಿನ ಮಾತಾಡುವ ಹಾಗಿಲ್ಲ, ನಡುವೆ ಬಾಯಿ ಹಾಕುವುದಿಲ್ಲ.